ಒಂದು ಮೊಳದ ನೆಲ

"ಬುದ್ಧಿ, ಒಳಗಿರುವ ಗಟ್ಟಿಯನ್ನು ಒಡೆಯುವುದು ಹೇಗೆ?"

ಮರುಳಯ್ಯ ಹೀಗೆ ಕೇಳಿದ್ದು ಮಧ್ಯಾಹ್ನದ ದಾಸೋಹ ಮುಗಿದ ಮೇಲೆ. ಮಠದ ಅಡುಗೆಮನೆ ಅವನದು. ಹನ್ನೆರಡು ವರ್ಷದಿಂದ ಅಲ್ಲಿಯೇ ಇದ್ದಾನೆ. ಅಂದು ಎಲೆಗಳನ್ನು ಎತ್ತಿ, ನೆಲ ಸಾರಿಸಿ, ಕೈ ತೊಳೆದುಕೊಂಡು, ಹೆಗಲಿಗೆ ಒಂದು ಗಂಟು ಏರಿಸಿಕೊಂಡೇ ಗುರುಗಳ ಮುಂದೆ ಬಂದು ನಿಂತಿದ್ದ.

"ಯಾವ ಗಟ್ಟಿ?" ಎಂದರು ಗುರುಗಳು. "ಹೋದ ವಾರ ಕಾಯಿ ಒಡೆಯಲು ಹೋಗಿ ಒರಳುಕಲ್ಲಿನ ಅಂಚು ಹಾರಿಸಿದೆ. ನಿನಗೆ ಒಡೆಯುವುದನ್ನೂ ಹೇಳಿಕೊಡಬೇಕೆ?"

ಮರುಳಯ್ಯ ನಗಲಿಲ್ಲ.

"ನೀವು ಹೇಳಿದ್ದು ನನ್ನೊಳಗೆ ಒಂದು ಗೇಣು ಇಳಿಯುತ್ತದೆ ಬುದ್ಧಿ. ಆಮೇಲೆ ಏನೋ ತಡೆಯುತ್ತದೆ. ನನ್ನ ನಂತರ ಬಂದವರು ಪಾಠ ಮುಗಿಸಿ ಊರೂರಿಗೆ ಹೋದರು. ಅವರೆದುರು ಯಾರು ಎದೆ ಬಡಿದುಕೊಂಡು ಅತ್ತರೂ ಅವರ ಮುಖ ಕದಲುವುದಿಲ್ಲ. ಕೇಳಿದ ದುಃಖವೆಲ್ಲ ಒಳಗಿಳಿದು ತಣ್ಣಗಾಗುತ್ತದೆ. ನನ್ನಲ್ಲಿ ಹಾಗಲ್ಲ. ಇವತ್ತು ಒಬ್ಬ ತಾಯಿ ಬಂದಳು. ಮಗಳು ತೀರಿಕೊಂಡು ಒಂದು ತಿಂಗಳಂತೆ. ಅವಳು ಬಾಯಿ ತೆರೆಯುವ ಮೊದಲೇ ನನ್ನ ಕಣ್ಣು ತುಂಬಿತು. ಹಿಟ್ಟು ಕಲಸುವ ಕೈಯಲ್ಲೇ ಕಣ್ಣೊರೆಸಿಕೊಂಡೆ. ಯಾವ ನೀರೂ ನನ್ನಲ್ಲಿ ಇಳಿಯುವುದಿಲ್ಲ. ಮೇಲೆಯೇ ನಿಲ್ಲುತ್ತದೆ. ಇದೂ ಒಂದು ಸಾಧನೆಯೇ?"

"ಅದಕ್ಕೆ ನೀನು ಗಂಟು ಕಟ್ಟಿದೆ" ಎಂದರು ಗುರುಗಳು.

"ಗುಡ್ಡದ ಗವಿಗೆ ಹೋಗುತ್ತೇನೆ. ನಲವತ್ತೆಂಟು ದಿನ ಅನ್ನ ಬಿಟ್ಟು, ಮಾತು ಬಿಟ್ಟು ಕೂರುತ್ತೇನೆ. ಆ ಗಟ್ಟಿ ಒಡೆದರೆ ಬರುತ್ತೇನೆ. ಒಡೆಯದಿದ್ದರೆ ಬರುವುದಿಲ್ಲ. ಅಪ್ಪಣೆ ಕೊಡಿ."

ಗುರುಗಳಿಗೆ ಅವನ ಹಟ ಗೊತ್ತಿತ್ತು. ಅವನು ಬರುವುದಿಲ್ಲ ಎಂದರೆ ಬರುವುದಿಲ್ಲ.

"ಅಪ್ಪಣೆ ಕೊಡುವುದು ಒಂದು ಮಾತಿನ ಕೆಲಸ. ಗಂಟು ಇಳಿಸಿ ಕೂತುಕೋ. ಒಬ್ಬ ರೈತನ ಕತೆ ಇದೆ, ಕೇಳಿಕೊಂಡು ಹೋಗು" ಎಂದರು. ಮರುಳಯ್ಯ ಕೂತ. ಗಂಟನ್ನು ಇಳಿಸಲಿಲ್ಲ. ಗುರುಗಳು ಹೇಳತೊಡಗಿದರು.

ಒಂದು ಊರಿನ ಹೊರಗೆ ಒಂದು ಕಾವಲು ಇತ್ತು. ದನ ಕುರಿ ಮೇಯಲಿ ಎಂದು ಹಿಂದಿನವರು ಉಳದೆ ಬಿಟ್ಟ ನೆಲ. ಕಣ್ಣು ಹಾಯುವಷ್ಟು ದೂರ ಕರಡದ ಹುಲ್ಲು. ಮರವೆಂದರೆ ಅಲ್ಲೊಂದು ಇಲ್ಲೊಂದು ಜಾಲಿ, ಅದೂ ಆಳೆತ್ತರ ಮೀರಿ ಬೆಳೆದದ್ದಲ್ಲ.

ಆ ಊರಿಗೆ ಒಬ್ಬ ರೈತ ಮನೆ ಅಳಿಯನಾಗಿ ಬಂದ. ಹೊಳೆದಂಡೆಯ ಎರೆಭೂಮಿಯವನು. ಒಳ್ಳೆಯ ರೈತ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವನು ಮುಂದೆ ಮಾಡುವ ತಪ್ಪು ಸೋಮಾರಿಗಳಿಂದ ಆಗುವ ತಪ್ಪಲ್ಲ.

ಅವನ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ಕೊಡುವ ಮೊದಲು ಹೆಣ್ಣಿನ ತಂದೆ ಗಂಡಿನ ಹೊಲಕ್ಕೆ ಹೋಗಿ ಹಾರೆ ಇಳಿಸಿ ನೋಡುತ್ತಾನೆ. ಹಾರೆ ಕುತ್ತಿಗೆಯವರೆಗೆ ಮುಳುಗಿದರೆ ಎಲೆ ಅಡಿಕೆ ತೆಗೆದುಕೊಳ್ಳುತ್ತಾನೆ. ನಡುವೆಯೇ ನಿಂತರೆ ಪಂಚೆ ಕೊಡವಿಕೊಂಡು ಎದ್ದು ಬರುತ್ತಾನೆ. ಆಳವಿಲ್ಲದ ನೆಲದಲ್ಲಿ ಮಗಳು ಬಾಳಲಾರಳು ಎಂದು ಅವರ ಲೆಕ್ಕ.

ರೈತ ಕಾವಲಿಗೆ ಹೋದ. ಹಾರೆ ಇಳಿಸಿದ. ಒಂದು ಮೊಳ ಇಳಿದು ಠಣ್ ಎಂದಿತು. ನೂರು ಹೆಜ್ಜೆ ನಡೆದು ಮತ್ತೊಂದು ಕಡೆ ಇಳಿಸಿದ. ಅಲ್ಲೂ ಒಂದು ಮೊಳ, ಅಲ್ಲೂ ಠಣ್. ಸಂಜೆಯವರೆಗೆ ತಿರುಗಿ ಹತ್ತು ಕಡೆ ನೋಡಿದ. ಕೊನೆಗೆ ಒಂದು ಕಡೆ ಮಣ್ಣು ಸರಿಸಿದ. ಮೇಲೆ ಕೆಂಪು ಮರಳುಮಣ್ಣು. ಕೆಳಗೆ ಬಿಳಿಯ ಪದರ. ಸುಣ್ಣ, ಮರಳು, ಹರಳು ಎಲ್ಲ ಸೇರಿ ಗಾರೆಯಂತೆ ಕಟ್ಟಿಕೊಂಡು ಕಾವಲಿನ ಉದ್ದಗಲಕ್ಕೂ ಹಾಸಿತ್ತು. ಹಾರೆಯಿಂದ ಕುಟ್ಟಿದರೆ ಒಂದು ಚಿಟಿಕೆ ಪುಡಿ ಎದ್ದಿತು, ಅಷ್ಟೇ.

ಅವನಿಗೆ ಆ ನೆಲವನ್ನು ಕಂಡು ನಿಜವಾಗಿಯೂ ಮರುಕವಾಯಿತು. ಊರ ಹಿರಿಯರ ಮುಂದೆ ಹೋಗಿ, ಕಾವಲಿನ ಪಡುವಣ ಅರ್ಧವನ್ನು ನನ್ನ ಕೈಗೆ ಕೊಡಿ, ಆ ಗಟ್ಟಿಯನ್ನು ಒಡೆದು ಹುಣಸೆ ತೋಪು ಮಾಡುತ್ತೇನೆ, ಊರಿಗೆಲ್ಲ ನೆರಳಾಗುತ್ತದೆ ಎಂದ. ನೆರಳು ಬೇಡ ಎನ್ನುವವರು ಯಾರು? ಕೊಟ್ಟರು.

ಅದೇ ಕಾವಲಿನಲ್ಲಿ ಒಬ್ಬ ಹೆಂಗಸು ಕುರಿ ಮೇಯಿಸುತ್ತಿದ್ದಳು. ಎಂಬತ್ತು ಕುರಿಯ ಮಂದೆ. ಅದೇ ಅವಳ ಮನೆ, ಅದೇ ಅವಳ ಬದುಕು. ನೆಲವನ್ನು ಅಳೆಯಲು ಅವಳಿಗೂ ಒಂದು ಪದ್ಧತಿ ಇತ್ತು. ಮಳೆ ಬಂದು ಹೋದ ಮಾರನೆಯ ದಿನ ಒಂದು ಕಡೆ ಕೂತು, ಬೆರಳಲ್ಲಿ ಮಣ್ಣು ಕೆದರುತ್ತ, ಆ ಬಿಳಿ ಪದರ ತಾಗುವವರೆಗೆ ಕೈ ಇಳಿಸುತ್ತಿದ್ದಳು. ಕೈ ಮೇಲಕ್ಕೆತ್ತಿ ಹಸಿಮಣ್ಣು ಎಲ್ಲಿಯವರೆಗೆ ಮೆತ್ತಿದೆ ಎಂದು ನೋಡುತ್ತಿದ್ದಳು. ಅದಕ್ಕೆಂದೇ ತೋಳಿನ ಮೇಲೆ ಮೂರು ಚುಕ್ಕೆ ಹಚ್ಚೆ ಹಾಕಿಸಿಕೊಂಡಿದ್ದಳು. ಮೊದಲ ಚುಕ್ಕೆಯವರೆಗೆ ಹಸಿ ಇದ್ದರೆ ಹತ್ತು ದಿನದ ಮೇವು. ಎರಡನೆಯದಾದರೆ ಒಂದು ತಿಂಗಳು. ಮೂರನೆಯದಾದರೆ ಕುರಿ ಮರಿ ಹಾಕಿ, ಮರಿ ಹುಲ್ಲಿಗೆ ಬಾಯಿ ಹಾಕುವವರೆಗೂ ಯೋಚನೆಯಿಲ್ಲ. ಅವಳ ತಾಯಿಯ ತೋಳಿನ ಮೇಲೂ ಅದೇ ಜಾಗದಲ್ಲಿ ಅವೇ ಮೂರು ಚುಕ್ಕೆ ಇದ್ದವು. ಎಂಥ ವಿದ್ಯೆ ನೋಡು ಮರುಳಯ್ಯ! ಒಂದು ಓಲೆ ಇಲ್ಲ, ಒಂದು ಅಕ್ಷರ ಇಲ್ಲ. ನನಗಂತೂ ನೆನೆದರೆ ಕೈ ಮುಗಿಯಬೇಕು ಅನಿಸುತ್ತದೆ.

ರೈತ ಒಡೆಯುವುದನ್ನು ಕಂಡು ಅವಳು ಹತ್ತಿರ ಬಂದಳು.

"ಅದನ್ನ ಯಾಕೆ ಒಡೀತೀಯ ಅಣ್ಣಯ್ಯ?"

"ಈ ನೆಲಕ್ಕೆ ಹೊಟ್ಟೇನೇ ಇಲ್ಲ ಕಣಕ್ಕ. ನೀರು ಒಂದು ಮೊಳ ಇಳಿದು ನಿಂತುಬಿಡ್ತದೆ. ಕೆಳಗೆ ಹೋಗೋಕೆ ದಾರಿ ಮಾಡಿಕೊಡ್ತಿದ್ದೀನಿ."

"ನಿಂತುಬಿಡ್ತದೆ ಅಂತ ನೀನು ಮರುಗ್ತೀಯ. ನಿಲ್ತದೆ ಅಂತಲೇ ನನ್ನ ಮಂದೆ ಬದುಕೈತೆ. ಆಳದ ನೀರು ಆಳಕ್ಕೇ ಚೆಂದ ಅಣ್ಣಯ್ಯ. ಹುಲ್ಲಿಗೆ ಎಟುಕೋದು ಮೇಲಿನ ನೀರು."

ರೈತ ನಕ್ಕ. ಕುರಿಯವಳು ಕುರಿಯ ಮಾತಾಡುತ್ತಾಳೆ ಎಂದುಕೊಂಡ.

ಎರಡು ಬೇಸಿಗೆ ದುಡಿದ. ಹತ್ತು ಹೆಜ್ಜೆಗೊಂದು ಗುಂಡಿ ಗುರುತು ಮಾಡಿದ. ಜಾಲಿಮುಳ್ಳು ಒಟ್ಟಿ ಬೆಂಕಿ ಹಾಕಿ, ಪದರ ಕಾದ ಮೇಲೆ ತಣ್ಣೀರು ಸುರಿದು, ಬಿರುಕು ಬಿಟ್ಟಲ್ಲಿ ಹಾರೆ ಇಟ್ಟು ಎಬ್ಬಿಸಿದ. ಅಂಗೈ ಚರ್ಮ ಎರಡು ಸಲ ಸುಲಿಯಿತು. ಕೆಳಗೆ ಮೆತ್ತನೆಯ ಮಣ್ಣು ಸಿಕ್ಕಿತು. ಹಾರೆ ಕುತ್ತಿಗೆಯವರೆಗೆ ಮುಳುಗಿದ ದಿನ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದ. ಪಡುವಣ ಅರ್ಧವನ್ನೆಲ್ಲ ಹೀಗೆ ತೂತು ಮಾಡಿ, ಗುಂಡಿಗೊಂದು ಹುಣಸೆ ಸಸಿ ನೆಟ್ಟ.

ಉತ್ತರೆ ಮಳೆ ಎರಡು ದಿನ ಹುಯ್ದು ನಿಂತಿತು. ಮಾರನೆಯ ದಿನ ಅವಳು ಮೂಡಣ ಅರ್ಧದಲ್ಲಿ ಕೈ ಇಳಿಸಿದಳು. ಹಸಿ ಮೂರನೆಯ ಚುಕ್ಕೆಗೆ ಬಂದಿತ್ತು. ಪಡುವಣಕ್ಕೆ ಹೋಗಿ ಇಳಿಸಿದಳು. ಬೆರಳ ತುದಿ ಮಾತ್ರ ತೇವವಾಯಿತು. ಪದರದ ಮೇಲೆ ನಿಲ್ಲಬೇಕಾದ ನೀರು ಗುಂಡಿಯಿಂದ ಗುಂಡಿಗೆ ಜಾರಿ ಪಾತಾಳ ಸೇರಿತ್ತು. ರೈತ ಹಿಗ್ಗಿದ. ನೆಲಕ್ಕೆ ಹೊಟ್ಟೆ ಬಂತು ಎಂದ.

ಆಮೇಲೆ ಒಂದು ಹನಿ ಬೀಳಲಿಲ್ಲ. ಇಪ್ಪತ್ತು ದಿನಕ್ಕೆ ಪಡುವಣದ ಹುಲ್ಲು ಒಣಗಿ ಗಾಳಿಗೆ ಹಾರಿತು. ಸಸಿಯ ಬೇರು ಒಂದು ಗೇಣು, ನೀರು ಎರಡಾಳು ಕೆಳಗೆ. ಸಸಿಗಳು ಒಂದೊಂದಾಗಿ ಎಲೆ ಉದುರಿಸಿದವು. ಮೂಡಣದ ಹುಲ್ಲು ಮಾತ್ರ ಮೊಣಕಾಲೆತ್ತರ ಹಸಿರಾಗಿ ನಿಂತಿತ್ತು. ನಡುವೆ ನಿಂತರೆ ಒಂದು ಕಾಲು ಹಸಿರಿನ ಮೇಲೆ, ಒಂದು ಕಾಲು ತರಗಿನ ಮೇಲೆ.

ಕುರಿಗಳು ಮರಿ ಹಾಕುವ ಕಾಲ ಅದು. ಎಂಬತ್ತು ಕುರಿಗೆ ಅರ್ಧ ಕಾವಲಿನ ಹುಲ್ಲು ಸಾಲಲಿಲ್ಲ. ಕೆಚ್ಚಲು ಬತ್ತಿತು. ಅವಳು ಮರಿಗಳನ್ನು ಕಂಬಳಿಯ ಮಡಿಲಲ್ಲಿ ಹಾಕಿಕೊಂಡು, ಮೇಕೆ ಇರುವ ಮನೆಮನೆಗೆ ಹೋಗಿ ಹಾಲು ಬೇಡಿದಳು. ಆದರೂ ಮೂವತ್ತೊಂದು ಮರಿ ಸತ್ತವು. ಅವಳು ಅತ್ತಳು. ಆದರೆ ರೈತನಿಗೆ ಒಂದು ಮಾತು ಅನ್ನಲಿಲ್ಲ.

ಅನ್ನದೆ ಇದ್ದದ್ದೇ ಅವನಿಗೆ ತಡೆಯಲಾಗಲಿಲ್ಲ. ತಾನಾಗಿಯೇ ಹೋಗಿ, "ಅಕ್ಕ, ಮಣ್ಣು ಮುಚ್ಚಿದರೆ ಮೊದಲಿನಂಗೆ ಆಗ್ತದಾ?" ಎಂದು ಕೇಳಿದ.

"ಮಣ್ಣು ಮುಚ್ಚಬಹುದು ಅಣ್ಣಯ್ಯ. ಆ ಹಾಸು ಕಟ್ಟಿದ್ದು ಮಳೆ, ಬಿಸಿಲು. ಅವಕ್ಕೆ ನಮ್ಮಂಗೆ ಅವಸರ ಇಲ್ಲ."

ಹೀಗೆಂದು ಅವನನ್ನು ಮೂಡಣಕ್ಕೆ ಕರೆದುಕೊಂಡು ಹೋದಳು. ಒಂದು ಬುಡ ಕರಡವನ್ನು ಸುತ್ತ ಮಣ್ಣು ಬಿಡಿಸಿ ತೋರಿಸಿದಳು. ಬೇರುಗಳು ಒಂದು ಮೊಳ ನೆಟ್ಟಗೆ ಇಳಿದಿದ್ದವು. ಬಿಳಿ ಪದರ ತಾಗಿದಲ್ಲಿ ಮಗ್ಗುಲಿಗೆ ತಿರುಗಿ, ಪಕ್ಕದ ಬುಡದ ಬೇರಿನೊಂದಿಗೆ ಹೆಣೆದುಕೊಂಡು, ಕಂಬಳಿಯಂತೆ ಹರಡಿದ್ದವು. ಎಷ್ಟು ಎಳೆದರೂ ಕಿತ್ತು ಬರಲಿಲ್ಲ.

ರೈತ ಆ ಬೇರುಗಳ ಮುಂದೆ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತ. ಇಡೀ ಊರಿನ ದನ ಕುರಿ ಇಷ್ಟು ಕಾಲ ಬದುಕಿದ್ದು ಆ ಒಂದು ಮೊಳದಲ್ಲಿ. ಹತ್ತು ಕಡೆ ಹಾರೆ ಇಳಿಸಿದವನು ಒಂದು ಕಡೆಯೂ ಕೈ ಇಳಿಸಿ ನೋಡಿರಲಿಲ್ಲ.

ಉಳಿದ ಆಯುಸ್ಸೆಲ್ಲ ಅವನು ಗುಂಡಿ ಮುಚ್ಚುವ ಕೆಲಸವನ್ನೇ ಮಾಡಿದ. ಗುಂಡಿಯ ತಳಕ್ಕೆ ಕೆರೆಯ ಜೇಡಿಮಣ್ಣು ಹೊತ್ತು ಹಾಕಿ, ನೀರು ಚಿಮುಕಿಸಿ, ಅವಳ ಕುರಿಗಳನ್ನೇ ಓಡಾಡಿಸಿ ತುಳಿಸಿದ. ಕೆಲವು ಗುಂಡಿಗಳಲ್ಲಿ ನೀರು ನಿಂತು ಹುಲ್ಲು ಬಂತು. ಕೆಲವು ಇವತ್ತಿಗೂ ಬರಿದಾಗಿವೆಯಂತೆ. ಕುಂಕುಮ ಹಚ್ಚಿಸಿಕೊಂಡಿದ್ದ ಹಾರೆಯನ್ನು ಅವಳ ಕುರಿರೊಪ್ಪದ ಬಾಗಿಲಿಗೆ ಅಡ್ಡ ಹಾಕಲು ಕೊಟ್ಟುಬಿಟ್ಟ.

ಮಗಳು ಮದುವೆಯ ವಯಸ್ಸಿಗೆ ಬಂದಾಗ ಅವನು ತನ್ನ ಸೀಮೆಗೇ ಗಂಡು ನೋಡಲು ಹೋದ. ಗಂಡಿನವರು ಪದ್ಧತಿಯಂತೆ ಹೊಲದ ನಡುವೆ ಹಾರೆ ನೆಟ್ಟು, ಎಲೆ ಅಡಿಕೆ ಹಿಡಿದು ಕಾಯುತ್ತಿದ್ದರು. ಅವನು ಹಾರೆಯನ್ನು ಮುಟ್ಟಲಿಲ್ಲ. ನೆಲಕ್ಕೆ ಕೂತು, ಅಂಗಿಯ ತೋಳು ಮೇಲೇರಿಸಿ, ಮಣ್ಣಿನೊಳಕ್ಕೆ ಕೈ ಇಳಿಸಿದ. ಅವನ ತೋಳಿನ ಮೇಲೆ ಮೂರು ಚುಕ್ಕೆ ಇದ್ದವು.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯ ತಲೆ ತಗ್ಗಿಸಿಕೊಂಡಿದ್ದ. ಮೂವತ್ತೊಂದು ಮರಿ ಎಂದಾಗಲೇ ಅವನ ಕಣ್ಣು ತುಂಬಿತ್ತು. ಈಗ ಗಂಟಿನ ತುದಿಯಿಂದ ಒರೆಸಿಕೊಂಡ.

"ಕತೆ ಚೆನ್ನಾಗಿದೆ ಬುದ್ಧಿ. ಆದರೆ ನಾನು ಹುಲ್ಲುಗಾವಲಾಗಲು ಮಠಕ್ಕೆ ಬಂದವನಲ್ಲ. ನಿಮ್ಮ ಹಾಗೆ ಆಗಬೇಕು ಎಂದು ಬಂದೆ. ನಿಮ್ಮ ಆಳ ನನಗೆ ಬೇಡವೇ?"

ಗುರುಗಳು ಬಾಗಿಲಾಚೆ ನೋಡಿದರು. ಊಟಕ್ಕೆ ಬಂದವರೆಲ್ಲ ಹೋಗಿಯಾಗಿತ್ತು. ಮಗಳನ್ನು ಕಳೆದುಕೊಂಡ ಆ ತಾಯಿ ಮಾತ್ರ ಅಡುಗೆಮನೆಯ ಮೆಟ್ಟಿಲ ಮೇಲೆ, ಇತ್ತ ಮುಖ ಮಾಡಿ, ಮರುಳಯ್ಯ ಬರುವುದನ್ನೇ ಕಾಯುತ್ತ ಕೂತಿದ್ದಳು.

"ಅವಳು ಮೊದಲು ಬಂದು ನಿಂತದ್ದು ನನ್ನ ಮುಂದೆಯೇ, ಮರುಳಯ್ಯ. ನನ್ನ ನೀರು ಬಹಳ ಆಳದಲ್ಲಿದೆ, ಅವಳ ಕೈಗೆ ಎಟುಕಲಿಲ್ಲ."