ಮೊಣಕಾಲ ಮೇಲಿನ ಕೈ

ಮಲಪ್ರಭಾ ನದಿಯ ದಂಡೆಗೆ ಒಂದು ಸಣ್ಣ ಆಶ್ರಮವಿತ್ತು. ನಾಲ್ಕಾರು ಕೋಣೆ, ಒಂದು ಅಡುಗೆಮನೆ, ಅಂಗಳದಲ್ಲಿ ಒಂದು ಬೇವಿನ ಮರ. ಅಲ್ಲಿಯ ಗುರುಗಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಅಜ್ಜಾರು.

ಆ ಬೇವಿನ ಮರದ ಕೆಳಗೆ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರೊಂದು ನಿಂತಿರುತ್ತಿತ್ತು. ಆಶ್ರಮಕ್ಕೂ ಇದಕ್ಕೂ ಏನು ಸಂಬಂಧ ಎಂದು ಬಂದವರೆಲ್ಲ ಕೇಳುವವರೇ. ಕಾರಿನ ಯಜಮಾನ ನಿರುಪಾದಿಗೂ ಅದೇ ತಲೆನೋವು.

ನಿರುಪಾದಿ ಹುಬ್ಬಳ್ಳಿಯ ಹುಡುಗ. ರ‍್ಯಾಲಿಗಳಲ್ಲಿ ಕಾರು ಓಡಿಸುತ್ತಿದ್ದ, ಗೆಲ್ಲುತ್ತಲೂ ಇದ್ದ. ಒಂದು ಸಲ ಗೆದ್ದು ಬಹುಮಾನದ ಕಪ್ ಎತ್ತಿ ಹಿಡಿದಾಗ ಒಳಗೆ ಏನೂ ಅನಿಸಲಿಲ್ಲ. ಅದರಿಂದ ಅವನಿಗೆ ಹೆದರಿಕೆಯಾಯಿತು. ಎರಡು ದಿನ ಇದ್ದು ಹೋಗುತ್ತೇನೆಂದು ಆಶ್ರಮಕ್ಕೆ ಬಂದ. ನಾಗರ ಪಂಚಮಿಗೆ ಬಂದವನು ದೀಪಾವಳಿ ಹತ್ತಿರ ಬಂದರೂ ಹೊರಟಿರಲಿಲ್ಲ.

ದೀಕ್ಷೆ ಕೊಡಿ ಎಂದು ಅಜ್ಜಾರನ್ನು ಕೇಳಿದ್ದ. ಕೇಳಿದ ಮರುದಿನ ಬೆಳಿಗ್ಗೆ ಎದ್ದು, ಎಂದಿನಂತೆ, ಕಾರನ್ನು ಒರೆಸಿದ್ದ. ಮುಂದಿನ ರ‍್ಯಾಲಿಗೆ ಬರುತ್ತೀಯಾ ಎಂದು ಗೆಳೆಯರ ಫೋನು ಬಂದರೆ ನೋಡೋಣ ಎನ್ನುತ್ತಿದ್ದ. ಅಜ್ಜಾರು ಎಲ್ಲವನ್ನೂ ಕಾಣುತ್ತಿದ್ದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಶಾವಂತ್ರೆವ್ವನ ಕಿಡ್ನಿ ಕೈಕೊಟ್ಟಿತು. ಆಶ್ರಮಕ್ಕೆ ಬಂದವರಿಗೆಲ್ಲ ರೊಟ್ಟಿ ಬಡಿದು ಹಾಕಿದ ಹೆಂಗಸು. ವಾರಕ್ಕೆ ಎರಡು ಸಲ ಪೇಟೆಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು, ತಪ್ಪಿಸಿದರೆ ಜೀವಕ್ಕೆ ಕುತ್ತು ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಆಶ್ರಮದ ಜೀಪು ಕೆಟ್ಟು ಮೂಲೆ ಸೇರಿತ್ತು. ಊರಿನವರೊಬ್ಬರ ಟೆಂಪೋ ಇತ್ತು ಖರೆ, ಆದರೆ ಪ್ರತಿ ಸಲ ಹೋಗಿ ಕಾಡಿ ಬೇಡಬೇಕು.

ಕಾರು ಇದೆಯಲ್ಲ ಎಂದು ನಿರುಪಾದಿ ಮುಂದೆ ಬಂದ. ಹಿಂದಿನ ಸೀಟಿನಲ್ಲಿ ಅವ್ವನನ್ನು ಕೂರಿಸಿ ಹೊರಟ. ಹೊರಟದ್ದೊಂದೇ ಬಂತು. ಊರ ಹೆಬ್ಬಾಗಿಲಾದ ಅಗಸಿ ದಾಟುವುದರೊಳಗೆ ಶಾವಂತ್ರೆವ್ವ ಬಾಗಿಲು ತೆಗೆಸಿ ಇಳಿದುಬಿಟ್ಟಳು.

“ಇದರಾಗ ಹೋಗಿ ಬದುಕೂದಕಿಂತ ಹೊಳಿ ದಂಡ್ಯಾಗ ಸಾಯೂದು ಚಲೋ, ತಮ್ಮಾ.”

ಸಂಜೆ ನಿರುಪಾದಿ ಮೋರೆ ಸಣ್ಣದು ಮಾಡಿಕೊಂಡು ಅಜ್ಜಾರ ಮುಂದೆ ನಿಂತ.

“ಶಾವಂತ್ರೆವ್ವ ನಿದ್ದಿ ಮಾಡಿಕೋತ ಬರೂ ಹಂಗ ಆ ಗಾಡಿ ಮಾಡು,” ಎಂದರು ಅಜ್ಜಾರು. “ದೀಕ್ಷಾ ಮಾತು ಆಮ್ಯಾಲ.”

ಇದನ್ನು ಏನೆಂದು ತಿಳಿದುಕೊಳ್ಳಬೇಕೋ ನಿರುಪಾದಿಗೆ ಗೊತ್ತಾಗಲಿಲ್ಲ. ಮೋಕ್ಷ ಕೇಳಿದರೆ ಗ್ಯಾರೇಜಿನ ಕೆಲಸ ಸಿಕ್ಕಿತ್ತು. ಆದರೂ ತೋಳು ಮಡಿಸಿದ. ಅದೊಂದು ಅವನಿಗೆ ಬರುವ ಕೆಲಸ.

ವರ್ಷಗಟ್ಟಲೆ ಆ ಕಾರನ್ನು ಗುಡುಗುವಂತೆ ಮಾಡಿದವನು ಅವನೇ. ಈಗ ಒಂದೊಂದಾಗಿ ಹಿಂದಕ್ಕೆ ತಿರುಗಿಸಬೇಕು. ಆಸೆಪಟ್ಟು ಹಾಕಿಸಿದ್ದ ದೊಡ್ಡ ಸೈಲೆನ್ಸರ್ ಕಿತ್ತು ಕಂಪನಿಯ ಹಳೆಯದನ್ನೇ ಕೂರಿಸಿದ. ಕಾರು ಬೆಕ್ಕಿನಂತೆ ಗುರುಗುಟ್ಟಿತು, ಅಷ್ಟೆ. ಶಾವಂತ್ರೆವ್ವನನ್ನು ಹೊಳೆಯ ತನಕ ಕರೆದುಕೊಂಡು ಹೋಗಿ ಬಂದ.

“ಸದ್ದು ಹೋತು,” ಎಂದಳು ಆಕೆ. “ಗುದ್ದು ಹೋಗಲಿಲ್ಲ.”

ಗುದ್ದು ಎಂದರೆ ಸ್ಪ್ರಿಂಗಿನದೇ ಇರಬೇಕು. ಕಾರು ನೆಲಕ್ಕೆ ಅಂಟಿಕೊಂಡು ಓಡಲೆಂದು ಹಾಕಿದ್ದ ಗಿಡ್ಡ ಸ್ಪ್ರಿಂಗುಗಳನ್ನು ಬಿಚ್ಚಿದ, ಮೆತ್ತನೆಯವನ್ನು ಹಾಕಿದ. ಟೈರುಗಳನ್ನೂ ಬದಲಿಸಿದ. ರೇಸಿನ ಗಟ್ಟಿ ಸೀಟು ತೆಗೆದು ಸಾದಾ ಸೀಟು ಕೂರಿಸಿದ. ಮತ್ತೆ ಹೊಳೆಯ ತನಕ.

“ತೆಗ್ಗಿನಾಗ ಚಲೋ ಹೊಕ್ಕೈತಿ. ಸಪಾಟ ರಸ್ತಾದಾಗನ ತ್ರಾಸು. ಹಿಂದಿನಿಂದ ಯಾರೋ ದೂಡತಾರ, ಮುಂದಿನಿಂದ ಯಾರೋ ಜಗ್ಗತಾರ.”

ಹಾಗಾದರೆ ಗೇರ್‌ಬಾಕ್ಸ್. ಅದು ಆಟೊಮ್ಯಾಟಿಕ್, ಗೇರು ತಾನೇ ಬದಲಾಗುವಂಥದ್ದು. ಅದರ ಎಣ್ಣೆ ಬದಲಿಸಿದ. ಎಂಜಿನ್ನಿನ ಕಂಪ್ಯೂಟರಿಗೆ ತಾನು ತುಂಬಿಸಿದ್ದ ಅವಸರವನ್ನೆಲ್ಲ ಅಳಿಸಿದ. ಒತ್ತಿದರೆ ಕಾರು ಹುಚ್ಚೇಳುವ ಒಂದು ಗುಂಡಿ ಇತ್ತು, ಅದರ ವೈರನ್ನೇ ಕಿತ್ತುಹಾಕಿದ. ಇಷ್ಟರ ನಡುವೆ ಪಂಚಮಿಗೆ ಮುಂಚೆ ಹಾಕಿಸಿದ ಬ್ರೇಕ್ ಪ್ಯಾಡುಗಳು ಆಗಲೇ ಸವೆದು ಹಾಳೆಯಷ್ಟು ತೆಳ್ಳಗಾಗಿರುವುದು ಕಂಡಿತು. ಕಳಪೆ ಮಾಲು ಎಂದು ಬೈದು ಹೊಸವು ಹಾಕಿದ.

ಶಾವಂತ್ರೆವ್ವ ಮತ್ತೆ ಕೂತಳು, ಮತ್ತೆ ಇಳಿದಳು. ಈ ಸಲ ಸೆರಗಿನಿಂದ ಬಾಯಿ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ನಿರುಪಾದಿಗೆ ಅಳುವೇ ಬಂತು. ಅಜ್ಜಾರ ಹತ್ತಿರ ಹೋಗಿ, ಇನ್ನು ಬದಲಿಸಲು ಆ ಗಾಡಿಯಲ್ಲಿ ಏನೂ ಉಳಿದಿಲ್ಲ ಎಂದು ಹೇಳಿದ. ಅಜ್ಜಾರಿಗೆ ಕಾರಿನ ವಿಷಯ ಏನೇನೂ ಗೊತ್ತಿರಲಿಲ್ಲ. ಬಾನೆಟ್ ಯಾವ ಕಡೆಯಿಂದ ತೆರೆಯುತ್ತದೆ ಎಂದು ಕೇಳಿದರೆ ನಕ್ಕುಬಿಡುವವರು.

“ಗಾಡಿ ಯಾರ ಮಾತ ಕೇಳತೈತಿ?” ಎಂದು ಕೇಳಿದರು.

“ನನ್ನ ಮಾತ ರೀ, ಅಜ್ಜಾರ.”

“ನೀವು ಎಷ್ಟು ಮಂದಿ ಅದೀರಿ?”

ನಿರುಪಾದಿ ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ. ಅಜ್ಜಾರು ಎದ್ದು ಸ್ನಾನಕ್ಕೆ ಹೋದರು.

ಆ ಮಾತನ್ನು ಹಿಡಿದುಕೊಂಡು ನಿರುಪಾದಿ ದಿನವಿಡೀ ಹೊಳೆಯ ದಂಡೆಯಲ್ಲಿ ಕೂತ. ಇದು ಜೀವಾತ್ಮ ಪರಮಾತ್ಮರ ಮಾತೇ ಇರಬೇಕೆಂದುಕೊಂಡ. ನಾನು ಯಾರು ಎಂದು ಕಣ್ಣು ಮುಚ್ಚಿ ಕೇಳಿಕೊಂಡ. ಉತ್ತರ ಬರಲಿಲ್ಲ, ಸೊಳ್ಳೆ ಬಂದವು. ಇದ್ದ ಗೊಂದಲ ಎರಡರಷ್ಟಾಯಿತು.

ಕಬ್ಬಿನ ಹಂಗಾಮು ಶುರುವಾಗಿ ಟೆಂಪೋ ಸಕ್ಕರೆ ಫ್ಯಾಕ್ಟರಿಯ ಕಡೆಗೆ ಹೋಯಿತು. ಆಸ್ಪತ್ರೆಯ ದಿನ ಬಂತು. ಶಾವಂತ್ರೆವ್ವನ ಕಾಲು ಬಾತುಕೊಂಡಿದ್ದವು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಆದರೂ ಕಾರು ನೋಡಿದ ಕೂಡಲೇ ಗೋಡೆಗೆ ಒರಗಿ ಕೂತುಬಿಟ್ಟಳು.

“ನಡಿ,” ಎಂದರು ಅಜ್ಜಾರು. “ನಾನೂ ಬರ್ತೀನಿ.”

ಗುರುಗಳು ಬರುತ್ತೇನೆಂದ ಮೇಲೆ ಆಕೆ ಬೇಡವೆನ್ನುವುದು ಹೇಗೆ? ಹಿಂದಿನ ಸೀಟಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ ಕೂತಳು. ಅಜ್ಜಾರು ಮುಂದೆ, ನಿರುಪಾದಿಯ ಎಡಕ್ಕೆ ಕೂತರು. ಅಗಸಿ ದಾಟುವ ತನಕ ತಲೆ ತಗ್ಗಿಸಿಯೇ ಇದ್ದರು. ತೂಕಡಿಸುತ್ತಿದ್ದಾರೆ ಎಂದುಕೊಂಡ ಅವನು.

ಆಮೇಲೆ ಅಜ್ಜಾರು ತಮ್ಮ ಬಲಗೈಯನ್ನು ಅವನ ಎಡ ಮೊಣಕಾಲಿನ ಮೇಲೆ ಇಟ್ಟರು.

ಅಜ್ಜಾರು ಯಾರನ್ನೂ ಮುಟ್ಟುವವರಲ್ಲ. ದೂರದೂರದಿಂದ ಬಂದವರು ಪಾದ ಮುಟ್ಟಲು ಹೋದರೂ ಕಾಲು ಹಿಂದೆ ಸರಿಸುವವರು. ಅಂಥವರ ಕೈ ತನ್ನ ಮೊಣಕಾಲ ಮೇಲೆ. ಒಣಗಿದ ಕೈ, ಆದರೂ ಎಷ್ಟು ಭಾರ. ನಿರುಪಾದಿಯ ಮೈಯಲ್ಲಿ ಏನೋ ಹರಿದಂತಾಯಿತು, ಕಣ್ಣು ತುಂಬಿ ಬಂತು. ರಸ್ತೆ ಮಸುಕಾದಾಗ ತೋಳಿನಿಂದ ಒರೆಸಿಕೊಂಡ. ಕಾರು ಎಣ್ಣೆಯ ಮೇಲೆ ತೇಲಿದ ಹಾಗೆ ಹೋಯಿತು. ಪೇಟೆ ಬರುವುದರೊಳಗೆ ಹಿಂದಿನಿಂದ ಶಾವಂತ್ರೆವ್ವನ ಗೊರಕೆ ಕೇಳಿಸಿತು.

ಬರುವಾಗಲೂ ಆ ಕೈ ಅಲ್ಲೇ ಇತ್ತು. ಆಶ್ರಮ ಮುಟ್ಟಿದ ಮೇಲೆ ಅಜ್ಜಾರು ಕೈ ತೆಗೆದು ಬೆರಳು ಮಡಿಸಿ ಬಿಚ್ಚಿದರು, ಒಳಗೆ ಹೋದರು.

ಆಮೇಲೆ ಎರಡು ದಿನ ನಿರುಪಾದಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗುರುಗಳು ಮುಟ್ಟಿದರು, ಗಾಡಿ ಪಾವನವಾಯಿತು ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ಮುಂದಿನ ಸಲ ಅಜ್ಜಾರು ಬರಲಿಲ್ಲ. ಅವರು ಯಾಕೆ ಬರಬೇಕು, ಆಶೀರ್ವಾದ ಇದೆಯಲ್ಲ ಎಂದು ಅವ್ವನನ್ನು ಕೂರಿಸಿಕೊಂಡು ಎದೆಯುಬ್ಬಿಸಿ ಹೊರಟ.

ಅರ್ಧ ದಾರಿಯಲ್ಲಿ ಶಾವಂತ್ರೆವ್ವ ವಾಂತಿ ಮಾಡಿಕೊಂಡಳು. ನಿಲ್ಲಿಸೆಂದಳು. ಇಳಿದು ರಸ್ತೆಯ ಬದಿಗೆ ಮಣ್ಣಿನಲ್ಲೇ ಕೂತಳು. ನಿರುಪಾದಿ ಕೈ ಮುಗಿದ, ಕಾಲು ಹಿಡಿದ. ಆಕೆ ತಲೆ ಅಲ್ಲಾಡಿಸಿದಳೇ ಹೊರತು ಏಳಲಿಲ್ಲ. ತುಟಿ ಕಪ್ಪಿಟ್ಟಿತ್ತು. ತನ್ನ ಕೈಯಲ್ಲೇ ಈಕೆ ಹೋಗಿಬಿಡುತ್ತಾಳೆಂದು ಹೆದರಿ ಅವನು ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸಿದ. ಪುಣ್ಯಕ್ಕೆ ಹಾಲಿನ ವ್ಯಾನೊಂದು ಬಂತು. ಕ್ಯಾನುಗಳ ಸದ್ದಿನ ನಡುವೆ ಆಕೆ ಆರಾಮಾಗಿ ಕೂತು ಹೋದಳು. ಊರಲ್ಲೇ ಎಲ್ಲಕ್ಕಿಂತ ಬೆಲೆಬಾಳುವ ಕಾರು, ಖಾಲಿ ಖಾಲಿ, ಹಾಲಿನ ವ್ಯಾನಿನ ಹಿಂದೆ ಹೋಯಿತು.

ಸಂಜೆ ಅವಳನ್ನು ಅದೇ ವ್ಯಾನು ತಂದು ಬಿಟ್ಟಿತು. ನಿರುಪಾದಿ ಅಜ್ಜಾರ ಮುಂದೆ ಕುಸಿದು ಕೂತ.

“ಅಜ್ಜಾರ, ನನ್ನಿಂದ ಏನ ತಪ್ಪಾತು? ನೀವು ಕೊಟ್ಟ ಆಶೀರ್ವಾದ ಒಂದ ಸಲಕ್ಕ ಮುಗದಹೋತಲ್ಲ.”

“ಆಶೀರ್ವಾದ?” ಅಜ್ಜಾರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಯಾವಾಗ ಮಾಡಿದ್ನೋ?”

“ಮೊಣಕಾಲ ಮ್ಯಾಲ ಕೈ ಇಟ್ಟಿದ್ರಲ್ರಿ.”

“ಇಟ್ಟಿರಲಿಲ್ಲ. ಹಿಡಕೊಂಡಿದ್ದೆ. ನನ್ನ ಕೈ ಇನ್ನೂ ನೋಯಾಕ ಹತ್ತೈತಿ.”

ನಿರುಪಾದಿಗೆ ಅರ್ಥವಾಗಲಿಲ್ಲ. ಅಜ್ಜಾರು ಅವನನ್ನು ಎಬ್ಬಿಸಿ ಬೇವಿನ ಮರದ ಕಡೆಗೆ ಕರೆದುಕೊಂಡು ಹೋದರು. ಕಾರಿನಲ್ಲಿ ಕೂರು ಎಂದರು. ಎಂಜಿನ್ ಚಾಲೂ ಮಾಡುವುದು ಬೇಡವೆಂದರು. ತಾವು ತೆರೆದ ಬಾಗಿಲಿನ ಹತ್ತಿರ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು.

“ಕಣ್ಣ ಮುಚ್ಚು. ಪ್ಯಾಟಿಗೆ ಹೋಗು.”

ನಿರುಪಾದಿ ಕಣ್ಣು ಮುಚ್ಚಿ ಹೊರಟ. ಅಗಸಿ ದಾಟಿದ. ಸೇತುವೆ ಬಂತು. ಕಬ್ಬು ಹೇರಿದ ಟ್ರ್ಯಾಕ್ಟರ್ ಎದುರಾಯಿತು, ಪಕ್ಕಕ್ಕೆ ತೆಗೆದುಕೊಂಡ. ತಿರುವು ಬಂತು, ಮನಸ್ಸಿನಲ್ಲೇ ತಿರುಗಿದ.

“ಈಗ ಕಣ್ಣ ತಗಿ. ಕಾಲ ಇದ್ದಲ್ಲೇ ಇರಲಿ.”

ನಿರುಪಾದಿ ಬಗ್ಗಿ ನೋಡಿದ. ಬಲಗಾಲು ಆಕ್ಸಿಲರೇಟರ್ ಮೇಲಿತ್ತು. ಎಡಗಾಲು ಬ್ರೇಕಿನ ಮೇಲಿತ್ತು. ಎರಡೂ ಒತ್ತಿದ್ದವು.

ಆಟೊಮ್ಯಾಟಿಕ್ ಕಾರಿನಲ್ಲಿ ಕ್ಲಚ್ ಇಲ್ಲ. ಎಡಗಾಲಿಗೆ ಕೆಲಸವೇ ಇಲ್ಲ. ಎಲ್ಲದಕ್ಕೂ ಬಲಗಾಲೇ ಸಾಕು. ಆದರೆ ರ‍್ಯಾಲಿಯ ತಿರುವುಗಳಲ್ಲಿ ನಿರುಪಾದಿ ಎರಡೂ ಕಾಲುಗಳನ್ನು ಒಟ್ಟಿಗೆ ಆಡಿಸಿ ಗೆದ್ದವನು. ರ‍್ಯಾಲಿ ಬಿಟ್ಟು ಬಂದಿದ್ದೇನೆಂದು ಅವನು ತಿಳಿದಿದ್ದ. ಎಡಗಾಲಿಗೆ ಯಾರೂ ತಿಳಿಸಿರಲಿಲ್ಲ. ಇಷ್ಟು ದಿನವೂ ಆ ಕಾರು ಒಂದು ಕಾಲಿನಿಂದ ಹೋಗು ಎಂದೂ ಇನ್ನೊಂದರಿಂದ ನಿಲ್ಲು ಎಂದೂ ಕೇಳಿಸಿಕೊಂಡು, ಯಾರ ಮಾತು ಕೇಳುವುದೆಂದು ತಿಳಿಯದೆ ಗೇರು ಏರಿಸಿ ಇಳಿಸಿ ಒದ್ದಾಡಿತ್ತು. ಪ್ಯಾಡು ಸವೆದದ್ದು, ಅವ್ವನನ್ನು ಯಾರೋ ದೂಡಿ ಯಾರೋ ಜಗ್ಗಿದ್ದು, ಎಲ್ಲ ಒಮ್ಮೆಲೇ ಅವನ ತಲೆಗೆ ಹೊಳೆಯಿತು.

ಅವನಿಗೆ ನಾಚಿಕೆಯಾಯಿತು. ಆಶೀರ್ವಾದ ಸಿಗಲೇ ಇಲ್ಲವಲ್ಲ ಎಂದು ದುಃಖವೂ ಆಯಿತು. ತಲೆ ಎತ್ತಿ ನೋಡಿದರೆ ಅಜ್ಜಾರು ಆಗಲೇ ಎದ್ದು ಹೋಗಿದ್ದರು.

ಮರುದಿನದಿಂದ ಅವನು ಖಾಲಿ ರಸ್ತೆಯಲ್ಲಿ ಕಲಿಯತೊಡಗಿದ. ಎಡಗಾಲಿನ ಚಪ್ಪಲಿ ಬಿಚ್ಚಿ ಪಾದವನ್ನು ಸೀಟಿನ ಕಡೆಗೆ ಹಿಂದೆ ಎಳೆದಿಟ್ಟ. ಕಲಿಯಬೇಕಾದದ್ದು ಒಂದೇ, ಏನೂ ಮಾಡದಿರುವುದು. ಅಷ್ಟು ಕಷ್ಟದ ಪಾಠವನ್ನು ಅವನು ಯಾವ ಟ್ರ್ಯಾಕಿನಲ್ಲೂ ಕಲಿತಿರಲಿಲ್ಲ. ಕಾಲು ಕಳ್ಳನ ಹಾಗೆ ಮುಂದೆ ಸರಿಯುತ್ತಿತ್ತು, ಅವನು ಹಿಡಿದು ಹಿಂದೆ ತರುತ್ತಿದ್ದ.

ಆಸ್ಪತ್ರೆಯ ದಿನ ಶಾವಂತ್ರೆವ್ವ ಬರಲು ಒಪ್ಪಲಿಲ್ಲ. ಕೊನೆಗೆ ಅವನ ಮೋರೆ ನೋಡಿ ಕನಿಕರಪಟ್ಟು ಹತ್ತಿದಳು. ಹೋಗುವಾಗ ಬಾಗಿಲಿನ ಹಿಡಿಯನ್ನು ಬಿಡಲೇ ಇಲ್ಲ, ಆದರೆ ನಿಲ್ಲಿಸು ಎನ್ನಲೂ ಇಲ್ಲ. ಬರುವಾಗ ಹಿಂದಿನ ಸೀಟು ಮೌನವಾಗಿತ್ತು.

ತೀರಾ ಮೌನವಾಗಿತ್ತು. ಸೇತುವೆಯ ಹತ್ತಿರ ಅವನು ಕನ್ನಡಿಯಲ್ಲಿ ನೋಡಿದ. ಅವ್ವನ ತಲೆ ಪಕ್ಕಕ್ಕೆ ವಾಲಿತ್ತು, ಬಾಯಿ ತೆರೆದಿತ್ತು, ಕೈ ಹಿಡಿಯಿಂದ ಜಾರಿ ಬಿದ್ದಿತ್ತು. ಅವ್ವ ಹೋಗಿಯೇಬಿಟ್ಟಳೇನೋ ಅನಿಸಿತು. ಬ್ರೇಕಿನ ಕಡೆಗೆ ಎಡಗಾಲು ಎದ್ದೇಬಿಟ್ಟಿತು. ಅವನು ಅದನ್ನು ತಡೆದು, ಬಲಗಾಲನ್ನು ಮೆಲ್ಲಗೆ ಸಡಿಲಿಸಿ ಹಿಂದಕ್ಕೆ ಕಿವಿಗೊಟ್ಟ. ಕಾರು ಹಾಗೇ ಹೋಯಿತು. ಒಂದಿಷ್ಟು ದೂರ ಹೋದ ಮೇಲೆ ಹಿಂದಿನಿಂದ ಸಣ್ಣಗೆ ಗೊರಕೆ ಕೇಳಿಸಿತು.

ಬೇವಿನ ಮರದ ಕೆಳಗೆ ಕಾರು ನಿಂತಿತು. ಶಾವಂತ್ರೆವ್ವ ಏಳಲಿಲ್ಲ. ಅವಳನ್ನು ಎಬ್ಬಿಸಲು ಮನಸ್ಸಾಗದೆ ನಿರುಪಾದಿ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ. ಅಷ್ಟರಲ್ಲಿ ಅವನ ಜೇಬಿನ ಫೋನು ನಡುಗಿತು. ರ‍್ಯಾಲಿಯ ಗೆಳೆಯರದು. ಎತ್ತಲೂ ಇಲ್ಲ, ಕಟ್ ಮಾಡಲೂ ಇಲ್ಲ. ಅದು ತಾನಾಗಿಯೇ ಸುಮ್ಮನಾಯಿತು.

ಅಜ್ಜಾರು ಬಂದು ಕಿಟಕಿಯ ಹತ್ತಿರ ನಿಂತರು. ಹಿಂದಿನ ಸೀಟನ್ನು ಇಣುಕಿ ನೋಡಿದರು.

“ಅಜ್ಜಾರ,” ಎಂದ ನಿರುಪಾದಿ, ಅವ್ವನಿಗೆ ಎಚ್ಚರವಾಗದಂತೆ. “ಗಾಡಿ ಸರಿ ಆತು. ನಂದು ಹೆಂಗ? ಇಲ್ಲೇ ಇರ್ಲೋ, ಹೋಗ್ಲೋ? ಎರಡೂ ಬೇಕು ಅನಸತೈತಿ. ಬಂದ ದಿನದಿಂದ ಎರಡೂ.”

ಅಜ್ಜಾರು ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಹಣೆಯ ಬೆವರು ಒರೆಸಿದರು.

“ಯಾವುದರೆ ಒಂದು ಕಾಲ ಎತ್ತೋ, ತಮ್ಮಾ. ಗಾಡಿ ಭಾಳ ದಣದೈತಿ.”