ಬೀದಿ ಬದಿಯ ಹಗ್ಗ

“ಗುರುಗಳೇ, ಮೂರು ಹೊತ್ತೂ ಜಪ ಮಾಡುತ್ತೇನೆ. ಆದರೂ ಈ ದುಃಖ ಹೋಗುತ್ತಿಲ್ಲವಲ್ಲ, ಯಾಕೆ?” ಎಂದು ಶಿಷ್ಯ ಕೇಳಿದ.

ಅವನ ತಮ್ಮ ತೀರಿಕೊಂಡು ಐದು ತಿಂಗಳಾಗಿತ್ತು. ಸುದ್ದಿ ತಂದ ಕಾಗದವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟವನು ಮಠದಲ್ಲಿ ಯಾರಿಗೂ ಹೇಳಿರಲಿಲ್ಲ. ಗುರುಗಳಿಗೆ ಹೇಳಿದ್ದೂ ಅಂದೇ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಂಚುಗಾರನಿದ್ದ. ಊರಿನವರ ಪಾತ್ರೆಗಳನ್ನು ಬೆಸೆದು, ತಿಕ್ಕಿ, ಹೊಳಪು ಬರಿಸುವುದು ಅವನ ಕೆಲಸ. ಹೆಂಡತಿ ಸತ್ತ ಮೇಲೆ ಮನೆಯಲ್ಲಿ ಒಬ್ಬನೇ ಆಗಿದ್ದ. ಎರಡು ಊಟದ ತಟ್ಟೆಗಳಲ್ಲಿ ಒಂದನ್ನು ಬೋರಲು ಹಾಕಿಟ್ಟಿದ್ದ.

ದೂರದ ಊರಿನಿಂದ ಮಗಳು ಹೇಳಿ ಕಳಿಸಿದಳು. ಬರುವ ತಿಂಗಳು ಸೀಮಂತ, ಅಮ್ಮನ ಕೆನೆಬಣ್ಣದ ಸೀರೆಯನ್ನೇ ಉಡಬೇಕೆಂದಿದ್ದೇನೆ, ಕಳಿಸಿಕೊಡು ಎಂದು. ಕಂಚುಗಾರ ಪೆಟ್ಟಿಗೆ ತೆಗೆದು ನೋಡಿದ. ಸೆರಗಿನ ಮೇಲೆ ಅರಿಶಿನದ ಕಲೆ ಇತ್ತು. ಹೆಂಡತಿ ಎಂದೋ ಅಡುಗೆ ಮಾಡುತ್ತ ಕೈ ಒರೆಸಿಕೊಂಡಿದ್ದಳು. ನಾಲ್ಕು ಬೆರಳೂ ಎದ್ದು ಕಾಣುತ್ತಿದ್ದವು.

ತಿಕ್ಕಿದರೆ ಹೋಗದ ಕಲೆಯನ್ನು ಅವನು ಕಂಡಿರಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು ಸೋಪು ಹಚ್ಚಿ ತಿಕ್ಕಿದ. ಹಳದಿ ಕಲೆ ಕುಂಕುಮದಂತೆ ಕೆಂಪಾಯಿತು. ಹೆದರಿ ಇನ್ನಷ್ಟು ಸೋಪು ಹಚ್ಚಿದ. ಸೀರೆಯನ್ನು ಒಳಕೋಣೆಯಲ್ಲೇ ಒಣಹಾಕಿದ. ಮನೆಗೆ ಬಿಸಿಲು ಬೀಳುವುದು ಬೀದಿ ಬದಿಗೆ ಮಾತ್ರ. ಅಲ್ಲಿ ಹಾಕಿದರೆ ಜನ ನೋಡುತ್ತಾರೆ, ಏನಾದರೂ ಕೇಳುತ್ತಾರೆ. ಹೀಗೆ ಹತ್ತು ದಿನ ಒಗೆದ. ಕಲೆ ಹೋಗಲಿಲ್ಲ, ನೂಲು ಸವೆದು ಜುಂಜಾಗತೊಡಗಿತು.

ಕೊನೆಗೆ ಸೀರೆಯನ್ನು ಒಂದು ಕೊಡದೊಳಗೆ ತುರುಕಿಕೊಂಡು ಮಡಿವಾಳರ ನಿಂಗಮ್ಮನ ಮನೆಗೆ ಹೋದ. ಅವಳು ಸೆರಗು ಬಿಡಿಸಿ ನೋಡಿದಳು.

“ಇದೇನು ನಿಮ್ಮ ಹಂಡೆಯೇ ಅಣ್ಣಾ, ಹೀಗೆ ತಿಕ್ಕುವುದಕ್ಕೆ? ಸೋಪು ಸೋಕಿದರೆ ಅರಿಶಿನ ಕೆಂಪಾಗುತ್ತದೆ. ನೀರಿಗೆ ನಿಂಬೆಹಣ್ಣು ಹಿಂಡಿ ಅದ್ದಿ ತೆಗೆಯಿರಿ. ಆಮೇಲೆ ಬಿಸಿಲಿಗೆ ಹಾಕಿ. ಅರಿಶಿನ ಹೆದರುವುದು ಬಿಸಿಲಿಗೆ ಮಾತ್ರ.”

“ಒಳಗೇ ಒಣಗಿಸಿದರೆ ಆಗುವುದಿಲ್ಲವೇ?”

“ಸೀರೆ ಒಣಗುತ್ತದೆ. ಕಲೆ ಹೋಗುವುದಿಲ್ಲ.”

ಮರುದಿನ ಅವನು ಬೀದಿ ಬದಿಗೆ ಹಗ್ಗ ಕಟ್ಟಿ ಸೀರೆ ಹರವಿದ. ಎದುರು ಮನೆಯವಳು ಯಾರ ಸೀರೆ ಎಂದು ಕೇಳಿದಳು. ಮನೆಯವಳದು ಎಂದಷ್ಟೇ ಹೇಳಿ ಒಳಗೆ ಹೋದ. ಎರಡನೆಯ ದಿನ ಹೂವಿನವಳು ಹಗ್ಗದ ಮುಂದೆ ನಿಂತಳು. “ಹೂವು ಮೊಳ ಹಾಕುವಾಗ ನನ್ನ ಕೈ ಗಿಡ್ಡ ಎಂದು ದಿನಾ ಜಗಳವಾಡುತ್ತಿದ್ದಳು ಮಾರಾಯ್ತಿ,” ಎಂದು ಹೇಳಿ ಕಣ್ಣೊರೆಸಿಕೊಂಡಳು. ಅಂದು ಕಂಚುಗಾರ ಒಳಗೆ ಹೋಗಲಿಲ್ಲ. ಜಗುಲಿಯ ಮೇಲೆ ಕುಳಿತ. ನಾಲ್ಕನೆಯ ದಿನ ಬೀದಿಗೆ ಹೊಸದಾಗಿ ಬಂದ ಮುದುಕನೊಬ್ಬ, ನಿಮ್ಮ ಮನೆಯವರ ಹೆಸರೇನಿತ್ತು ಎಂದು ವಿಚಾರಿಸಿದ. ಮೂವತ್ತು ವರ್ಷ ಅವಳನ್ನು ‘ಇವಳೇ’ ಎಂದೇ ಕರೆದಿದ್ದ ಕಂಚುಗಾರ ಎದ್ದು ಹಗ್ಗದ ಮೇಲಿನ ಸೆರಗನ್ನು ಸರಿಪಡಿಸಿದ.

“ಕಾಳಮ್ಮ,” ಎಂದ.

ಆ ಮುದುಕ ಪಕ್ಕದಲ್ಲಿ ಕುಳಿತುಕೊಂಡ. ಬಿಸಿಲು ಇಳಿಯುವವರೆಗೆ ಇಬ್ಬರೂ ಮಾತನಾಡಿದರು.

ಎಂಟನೆಯ ದಿನಕ್ಕೆ, ಕಲೆ ಎಲ್ಲಿತ್ತೆಂದು ಬಲ್ಲವರಿಗೆ ಮಾತ್ರ ಕಾಣುವಷ್ಟು ನಸುಹಳದಿ ಉಳಿದಿತ್ತು. ಅದನ್ನು ಅವನು ತಿಕ್ಕಲು ಹೋಗಲಿಲ್ಲ. ಸೀರೆ ಮಡಚಿ ಮಗಳಿಗೆ ಕಳಿಸಿದ.

ಗುರುಗಳು ಕತೆ ಮುಗಿಸಿದರು. ಹಾಗಾದರೆ ತಾನು ಜಪವನ್ನು ಬಿಡಬೇಕೇ ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

“ನಿನ್ನ ತಮ್ಮನ ಹೆಸರೇನು?”