ಐರಣಿ ಗಾಡಿಯ ಅಗ್ಗದ ಬಣ್ಣ

ಬನ್ನಿ, ಹತ್ತಿರ ಕೂತುಕೊಳ್ಳಿ. ಬಾಯಿ ಮುಚ್ಚಿ, ಕಿವಿ ತೆರೆಯಿರಿ. ಏಳು ಕೆರೆ, ಎಂಟು ದಿಬ್ಬ ದಾಟಿದರೆ ಹೊಳಪಾಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿನ ರಾಜನಿಗೆ ಹೊಳೆಯುವುದೆಲ್ಲ ಇಷ್ಟ. ಹೊಳೆಯುವ ತಂಬಿಗೆ ಬೇಕು, ಹೊಳೆಯುವ ಚಪ್ಪಲಿ ಬೇಕು, ಹೊಳೆಯುವ ಮಂತ್ರಿ ಬೇಕು. ಪಾಪ, ಮಂತ್ರಿ ದಿನಾ ಬೋಳು ತಲೆಗೆ ಎಣ್ಣೆ ತಿಕ್ಕಿಕೊಂಡು ಸಭೆಗೆ ಬರುತ್ತಿದ್ದ.

ಆ ರಾಜ್ಯದ ಅಂಚಿನಲ್ಲಿ ಹಾಲವ್ವ ಅಂತ ಒಬ್ಬ ಕುಂಬಾರಗಿತ್ತಿ ಇದ್ದಳು. ಗಂಡ ತೀರಿಹೋಗಿದ್ದ. ಅವಳಿಗೆ ಉಳಿದದ್ದು ಮಡಕೆ ಮಾಡುವ ಒಂದು ತಿಗರಿ, ಮಾವನ ಕಾಲದ ಒಂದು ಗಾಡಿ, ಎರಡು ಎತ್ತು. ಒಂದು ಎತ್ತು ಮಾತಾಡುತ್ತಿತ್ತು, ಇನ್ನೊಂದು ಮೇಯುತ್ತಿತ್ತು.

ಹಾಲವ್ವ ತಟ್ಟಿ ನೋಡದೆ ಏನನ್ನೂ ನಂಬುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಮಡಕೆ ಠಣ್ ಅನ್ನುತ್ತದೆ, ಬಿರುಕು ಮಡಕೆ ದಬ್ ಅನ್ನುತ್ತದೆ. ಅದೇ ಅಭ್ಯಾಸ ಅವಳಿಗೆ. ತೆಂಗಿನಕಾಯಿ ತಟ್ಟುವಳು, ಕಂಬ ತಟ್ಟುವಳು, ನೆಂಟರು ತಂದ ಪೆಟ್ಟಿಗೆಯನ್ನೂ ತಟ್ಟುವಳು. ಊರವರು ‘ಅನುಮಾನದ ಹಾಲವ್ವ’ ಅಂತ ನಗುತ್ತಿದ್ದರು. ನಾನು ನಗುವುದಿಲ್ಲಪ್ಪ. ಅರ್ಧ ಬೆಲೆಗೆ ಕೊಡುತ್ತೇನೆ ಅಂದವನ ಕೈಯನ್ನು ನಾನೂ ಎರಡು ಸಲ ನೋಡುವವಳೇ.

ಒಂದು ದಿನ ಡಂಗುರ ಕೇಳಿಸಿತು. ಡಂ ಡಂ ಡಂ!

“ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಮದುವೆ! ಐರಣಿ ಹಾಲವ್ವನ ಮನೆಯಿಂದ ಬರ್ಬೇಕು! ಬಣ್ಣಗೆಟ್ಟ ಗಾಡೀನ ಕೋಟೆ ಒಳಗೆ ಬಿಡೋದಿಲ್ಲ!”

ಐರಣಿ ಗೊತ್ತಲ್ಲ? ಮದುವೆಗೆ ಕುಂಬಾರರ ಮನೆಯಿಂದ ಪೂಜೆ ಮಾಡಿ ತರುವ ಚಿತ್ತಾರದ ಗಡಿಗೆಗಳು. ಅವು ಬರದೆ ಮದುವೆ ಆಗುವುದಿಲ್ಲ. ದಾರಿಯಲ್ಲಿ ಒಡೆದವೋ, ದೊಡ್ಡ ಅಪಶಕುನ. ಹೊಳಪಾಪುರದಲ್ಲಿ ಐರಣಿ ಒಡೆದವರನ್ನು ಗಡಿ ದಾಟಿಸುತ್ತಿದ್ದರು, ಮತ್ತೆ ಆ ಮಣ್ಣು ಮೆಟ್ಟುವ ಹಾಗಿಲ್ಲ. ಮಣ್ಣನ್ನೇ ನಂಬಿದ ಹಾಲವ್ವ ಎಲ್ಲಿಗೆ ಹೋಗಬೇಕು?

ಗಡಿಗೆ ಮಾಡುವುದು ಅವಳಿಗೆ ಕಷ್ಟವಲ್ಲ. ಕಷ್ಟ ಇದ್ದದ್ದು ಗಾಡಿಯದ್ದು. ಜಾಲಿ ಮರದ ಗಾಲಿ ಕಲ್ಲಿನ ಹಾಗೆ ಗಟ್ಟಿ ಇದ್ದವು. ಬಣ್ಣ ಮಾತ್ರ ಎಲ್ಲ ಹೋಗಿ ಬೂದಿ ಮೆತ್ತಿದ ಹಾಗಿತ್ತು. ಸರಿ, ಬಣ್ಣ ಹಚ್ಚಿಸಲು ಹೊರಟಳು.

ಮೊದಲನೆಯ ಬಣ್ಣಗಾರನ ಹತ್ತಿರ ಹೋದಳು. ಅವನು, “ಒಂದು ಕರೆಯೋ ಹಸು ಕೊಡು,” ಅಂದ. ಅವಳ ಹತ್ತಿರ ಹಸು ಎಲ್ಲಿಂದ ಬರಬೇಕು?

ಎರಡನೆಯವನ ಹತ್ತಿರ ಹೋದಳು. “ಒಂದು ವರ್ಷ ಮಾಡೋ ಮಡಕೆ ಎಲ್ಲಾ ನನಗೇ ಕೊಡು,” ಅಂದ. ಹಾಗಾದರೆ ವರ್ಷವಿಡೀ ತಿನ್ನುವುದೇನು?

ಮೂರನೆಯವನು ಮಲ್ಲಾರಿ. ರಾಜನ ಪಲ್ಲಕ್ಕಿಗೆ ಬಣ್ಣ ಹಚ್ಚಿದವನು. ಕೈಗೆ ಕಡಗ, ಬಾಯಲ್ಲಿ ಅಡಿಕೆ, ಮಾತೆಲ್ಲ ಬೆಲ್ಲ. ಅವನು ಗಾಡಿಯ ಸುತ್ತ ಮೂರು ಸುತ್ತು ಬಂದ. ಬಣ್ಣ ಹೋದ ಹಲಗೆ ನೋಡಲಿಲ್ಲ. ಗಾಲಿಯನ್ನೇ ನೋಡಿದ, ಸವರಿ ಸವರಿ ನೋಡಿದ.

“ಹಾಲವ್ವಕ್ಕಾ, ನಿಮ್ಮ ಹತ್ರ ಏನು ಕೇಳ್ಲಿ? ಒಂದು ಹೂಜಿ ಕೊಡ್ರಿ, ಸಾಕು.”

“ಒಂದೇ ಹೂಜಿನಾ?”

“ಒಂದೇ. ಐರಣಿ ಗಾಡಿ ಅಂದ್ರೆ ಪುಣ್ಯದ ಕೆಲಸ ಅಲ್ವೇನಕ್ಕಾ? ಆದ್ರೆ ಮೂರು ಮಾತು ನಡೆಸ್ಬೇಕು. ಐದು ದಿನ ಗಾಡಿ ಹತ್ರ ಬರಬಾರ್ದು, ಕಣ್ಣು ಬಿದ್ರೆ ಬಣ್ಣ ಕೂರಲ್ಲ. ಆಮೇಲೆ ಬಣ್ಣ ಕೆರೆದು ನೋಡಬಾರ್ದು, ದೃಷ್ಟಿ ತಗಲ್ತದೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳಬಾರ್ದು.”

ಮಕ್ಕಳೇ, ಮೂರನೆಯ ಮಾತು ಕೇಳಿದಿರಾ? ಹಾಲವ್ವನೂ ಕೇಳಿಸಿಕೊಂಡಳು. ಆದರೆ ಮದುವೆಗೆ ಇನ್ನು ಹತ್ತೇ ದಿನ ಇತ್ತು, ಒಪ್ಪಿಕೊಂಡಳು. ಗಾಡಿ ಅಲ್ಲೇ ಬಿಟ್ಟು ಹೋಗುವ ಮುಂಚೆ ಗಾಲಿಯನ್ನು ಗೆಣ್ಣಿನಿಂದ ಒಮ್ಮೆ ತಟ್ಟಿದಳು. ಠಣ್ ಅಂದಿತು. ಆ ಸದ್ದನ್ನು ಕಿವಿಯಲ್ಲಿಟ್ಟುಕೊಂಡು ಮನೆಗೆ ಹೊರಟಳು.

ದಾರಿಯಲ್ಲಿ ಸಿಕ್ಕವರನ್ನು ವಿಚಾರಿಸಿದಳು. ಗಾಣಿಗ ಅಂದ, “ನನ್ನ ಗಾಡಿಗೂ ಮಲ್ಲಾರೀನೇ ಬಣ್ಣ ಹಚ್ಚಿದ್ದು. ತಿಂಗಳಿಗೇ ಗಾಲಿ ಮುರೀತು. ದೃಷ್ಟಿ ಬಿತ್ತು, ಪಾಪ ಅವನೇನು ಮಾಡ್ತಾನೆ?” ಬಳೆಗಾರನೂ ಅದನ್ನೇ ಅಂದ. ಬೆಲ್ಲದ ವ್ಯಾಪಾರಿಯೂ ಅದನ್ನೇ ಅಂದ. ಮೂವರ ಗಾಲಿ ಮುರಿದಿದ್ದವು, ಮೂವರೂ ಊರವರ ಕಣ್ಣನ್ನೇ ಬೈಯುತ್ತಿದ್ದರು. ಮಲ್ಲಾರಿಯನ್ನು ಒಬ್ಬನೂ ಬೈಯಲಿಲ್ಲ.

‘ಊರವರ ಕಣ್ಣಿಗೆ ಮಲ್ಲಾರಿ ಬಣ್ಣ ಹಚ್ಚಿದ ಗಾಡಿನೇ ಯಾಕೆ ಬೇಕು?’ ಅಂದುಕೊಂಡಳು ಹಾಲವ್ವ. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಐದು ದಿನ ಕಳೆದವು. ಗಾಡಿ ತರಲು ಹೋದಳು. ಅಬ್ಬಾ, ಏನು ಬಣ್ಣ! ಕೆಂಪು, ಹಳದಿ, ಹಸಿರು! ಗಾಲಿಯ ತುಂಬ ನವಿಲು, ಗಿಳಿ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಹಾಲವ್ವ ಎತ್ತು ಕಟ್ಟಿ ಹೊರಟಳು. ಸ್ವಲ್ಪ ದೂರ ಬಂದ ಮೇಲೆ ಮಾತಾಡುವ ಎತ್ತು ನಿಂತಿತು.

“ಅವ್ವಾ, ಗಾಡಿ ಹಗುರ ಆಗೈತೆ.”

“ಹೊಸ ಬಣ್ಣ ಅಲ್ವೇನೋ, ಹಂಗನ್ನಿಸ್ತದೆ.”

“ಬಣ್ಣ ಹಚ್ಚಿದ್ರೆ ಭಾರ ಆಗ್ಬೇಕು, ಹಗುರ ಹೆಂಗಾಗ್ತದೆ? ಕಣ್ಣು ಮೋಸ ಹೋಗ್ಬೋದು. ನನ್ನ ಹೆಗಲು ಮೋಸ ಹೋಗಲ್ಲ.”

ಹಾಲವ್ವ ಇಳಿದಳು. ಗಾಲಿಯನ್ನು ತಟ್ಟಿದಳು. ದಬ್. ಇನ್ನೊಂದನ್ನು ತಟ್ಟಿದಳು. ದಬ್. ಯಾರೂ ಇಲ್ಲದ್ದು ನೋಡಿ, ಗಾಲಿಯ ಒಳಮಗ್ಗುಲನ್ನು ಉಗುರಿನಿಂದ ಕೆರೆದಳು. ನವಿಲಿನ ಹಿಂದೆ ಬೆಳ್ಳಗೆ, ಮೆತ್ತಗೆ ಬೂರುಗದ ಮರ! ಮಾವನ ಜಾಲಿ ಗಾಲಿ ಹೋಗಿ, ಹತ್ತಿ ಬಿಡುವ ಮರದ ಗಾಲಿ ಬಂದಿತ್ತು. ಹಾಲವ್ವ ಅಲ್ಲೇ ರಸ್ತೆಯಲ್ಲಿ ಕೂತು ಅತ್ತಳು. ಹೂಜಿಯ ಬೆಲೆಗೆ ತನ್ನ ಮನೆಯ ಜೀವವನ್ನೇ ಕೊಟ್ಟೆನಲ್ಲ ಅಂತ ತಲೆ ತಲೆ ಚಚ್ಚಿಕೊಂಡಳು.

ಅಳು ಮುಗಿದ ಮೇಲೆ ಯೋಚನೆ ಮಾಡಿದಳು. ದೂರು ಕೊಟ್ಟರೆ ಯಾರು ನಂಬುತ್ತಾರೆ? ‘ಗಾಲಿ ಬದಲಾಯಿಸಿದ್ದು ಇವಳೇ’ ಅನ್ನುತ್ತಾನೆ. ರಾಜನ ಪಲ್ಲಕ್ಕಿಗೆ ಬಣ್ಣ ಹಚ್ಚಿದವನ ಮಾತು ದೊಡ್ಡದೋ, ಅನುಮಾನದ ಹಾಲವ್ವನ ಮಾತು ದೊಡ್ಡದೋ? ಕಳ್ಳನ ಬಾಯಿಂದಲೇ ಕಳ್ಳತನ ಹೊರಡಬೇಕು.

ಮರುದಿನ ರಾಜನ ಮುಂದೆ ನಿಂತು ಕೈಮುಗಿದಳು.

“ದೊರೆಗಳೇ, ಮಲ್ಲಾರಣ್ಣ ನನ್ನ ಗಾಡೀನ ಒಂದು ಹೂಜಿಗೆ ಹೊಳೆಯೋ ಹಂಗೆ ಮಾಡ್ಯಾನೆ. ಇಂಥೋನಿಗೆ ಮರ್ಯಾದೆ ಮಾಡ್ಬೇಕು. ಅದೇ ಗಾಡಿ ಮೇಲೆ ಕೂರಿಸಿ ಕೋಟೆ ಸುತ್ತ ಮೂರು ಸುತ್ತು ಮೆರೆಸೋಣ.”

ಹೊಳೆಯುವ ಗಾಡಿ ಅಂದ ಕೂಡಲೇ ರಾಜ ಹಿಗ್ಗಿದ. “ನಾಳೆಯೇ ಆಗಲಿ!” ಅಂದ.

ಮರುದಿನ ಹಾಲವ್ವ ಖಾಲಿ ಗಾಡಿಯನ್ನು ಮೆಲ್ಲಗೆ ಕೋಟೆಯ ಬಾಗಿಲಿಗೆ ತಂದಳು. ಅಲ್ಲೇ ಕೆರೆಯಂಗಳದಲ್ಲಿ ಗಾಡಿ ತುಂಬಿದಳು. ಮೇಲೆ ಹಳದಿ ಬಟ್ಟೆ ಹೊದಿಸಿದಳು. ಏನು ತುಂಬಿದಳು ಅಂತ ಈಗ ಕೇಳಬೇಡಿ. ಹಳದಿ ಬಟ್ಟೆ ನೋಡಿ ಜನ ತಾವಾಗಿಯೇ ಐರಣಿ ಅಂದುಕೊಂಡರು.

ಮಲ್ಲಾರಿ ಬಂದ. ಹಳದಿ ಬಟ್ಟೆ ನೋಡಿದ. ಅವನ ಬಾಯಲ್ಲಿದ್ದ ಅಡಿಕೆ ಬಾಯಲ್ಲೇ ಉಳಿಯಿತು.

“ದೊರೆಗಳೇ, ನಾನು ನಡ್ಕೊಂಡೇ ಬರ್ತೀನಿ.”

“ಛೇ, ನಿನಗೆ ಮಾಡೋ ಮರ್ಯಾದೆ ಇದು,” ಅಂದ ರಾಜ.

“ನನಗೆ ಗಾಡಿ ಮೇಲೆ ತಲೆ ಸುತ್ತುತ್ತೆ.”

“ತಲೆ ಸುತ್ತಿದ್ರೆ ಆಳು ಹಿಡ್ಕೋತಾರೆ,” ಅಂದ ಮಂತ್ರಿ.

“ಇಷ್ಟು ಜನರ ಕಣ್ಣು ಬಿದ್ರೆ ಗಾಡಿಗೆ ದೃಷ್ಟಿ...”

“ಅದಕ್ಕೇನಣ್ಣ, ನಾನೇ ತೆಗೀತೀನಿ,” ಅಂದಳು ಹಾಲವ್ವ. ಬೂದುಗುಂಬಳಕಾಯಿ ಇಳಿ ತೆಗೆದು ಒಡೆದಳು. ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಬೆಂಕಿಗೆ ಹಾಕಿದಳು. ಪೊರಕೆ ಕಡ್ಡಿ ಇಳಿ ತೆಗೆದು ಸುಟ್ಟಳು. “ದೊರೆಗಳೇ, ಮೂರು ಥರ ತೆಗೆದೆ. ಇನ್ನು ಈ ಗಾಡಿಗೆ ಏನಾದ್ರೂ ಆದ್ರೆ ಅದು ದೃಷ್ಟಿ ಅಲ್ಲ, ಅಲ್ವೇ?”

“ಅಲ್ಲವೇ ಅಲ್ಲ,” ಅಂದ ರಾಜ.

ಮಲ್ಲಾರಿ ಹತ್ತಿದ. ಡೋಲು ಬಡಿಯಿತು. ಮೊದಲನೆಯ ಸುತ್ತು, ಗಾಲಿ ಕಿರ್ ಅಂದಿತು. ಮಲ್ಲಾರಿ ಬೆವೆತ. ಎರಡನೆಯ ಸುತ್ತು, ಗಾಲಿ ಕಿರ್ರ್ ಕಿರ್ರ್ ಅಂದಿತು. ಮಲ್ಲಾರಿ ಗಾಡಿಯ ಗೂಟ ಹಿಡಿದುಕೊಂಡ. ಮೂರನೆಯ ಸುತ್ತಿಗೆ ಮತ್ತೆ ಕಲ್ಲುಹಾಸು ಬಂತು. ಗಾಲಿ ಚಟ್ ಅಂದಿತು.

“ನಿಲ್ಸಿ! ನಿಲ್ಸ್ರಪ್ಪೋ!” ಅಂತ ಮಲ್ಲಾರಿ ಕಿರುಚಿದ. “ಐರಣಿ ಒಡೀತದೆ! ಗಾಲಿ ಬೂರುಗದ್ದು! ಭಾರ ತಡೆಯಲ್ಲ!”

ಡೋಲು ನಿಂತಿತು. ಎಲ್ಲರೂ ನಿಂತರು.

“ಬಣ್ಣದ ಒಳಗೆ ಯಾವ ಮರ ಐತೆ ಅಂತ ನಿನಗೆ ಹೆಂಗೆ ಗೊತ್ತಾಯ್ತಣ್ಣ?” ಅಂತ ಕೇಳಿದಳು ಹಾಲವ್ವ.

ಮಲ್ಲಾರಿ ಬಾಯಿ ತೆರೆದ. ಅಷ್ಟರಲ್ಲಿ ಲಟಕ್ ಅಂತ ಗಾಲಿ ಮುರಿದು ಗಾಡಿ ವಾಲಿತು, ಮಲ್ಲಾರಿ ನೆಲಕ್ಕೆ ಉರುಳಿದ. ಹೆಂಗಸರು “ಅಯ್ಯೋ ಐರಣಿ!” ಅಂತ ಎದೆ ಹಿಡಿದುಕೊಂಡರು. ರಾಜ ಬಿಳಿಚಿಕೊಂಡ. ಹಾಲವ್ವ ಹೋಗಿ ಹಳದಿ ಬಟ್ಟೆ ಎಳೆದಳು. ಒಳಗೆ ಕೆರೆಯ ಜೇಡಿಮಣ್ಣಿನ ಮುದ್ದೆಗಳು!

“ಐರಣಿ ನನ್ನ ಮನೇಲಿ ಭದ್ರವಾಗವೆ ದೊರೆಗಳೇ. ಒಂದು ವರ್ಷ ತಿದ್ದಿದ್ದು ಒಂದು ಗಳಿಗೇಲಿ ಹೋಗ್ತದೆ ಅಂತ ಕುಂಬಾರರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ.”

ರಾಜನ ಆಳುಗಳು ಮಲ್ಲಾರಿಯ ಹಿತ್ತಲಿಗೆ ನುಗ್ಗಿದರು. ಹುಲ್ಲಿನ ಬಣವೆ ಕೆದರಿದರೆ, ಪಕ್ಕದ ರಾಜ್ಯಕ್ಕೆ ಮಾರಲು ಬಚ್ಚಿಟ್ಟ ಗಾಲಿಗಳ ರಾಶಿ. ಗಾಣಿಗನದು, ಬಳೆಗಾರನದು, ಬೆಲ್ಲದವನದು. ಹಾಲವ್ವ ಒಂದೊಂದನ್ನೇ ತಟ್ಟುತ್ತ ಹೋದಳು. ಒಂದು ಜೋಡಿ ಗಾಲಿಯ ಹತ್ತಿರ ಕೈ ನಿಂತಿತು. ಠಣ್. “ಇದು ನಮ್ಮ ಮಾವಂದು,” ಅಂದಳು.

ರಾಜ ಮಲ್ಲಾರಿಯನ್ನು ಗಡಿ ದಾಟಿಸಿದ. ಹೋಗುವಾಗ ಎಲ್ಲರ ಗಾಲಿಯನ್ನೂ ಅವನ ಕೈಯಿಂದಲೇ ಹೊರಿಸಿ, ಮನೆಮನೆಗೆ ತಲುಪಿಸಿದ.

ಸರಿ, ಮದುವೆಗೆ ಇನ್ನು ಎರಡೇ ದಿನ. ಗಾಲಿ ಸಿಕ್ಕಿತು, ಅದಕ್ಕೆ ಬಣ್ಣ ಇಲ್ಲವಲ್ಲ? ಹಾಲವ್ವ ಮನೆಯಲ್ಲಿ ಐರಣಿಗೆ ಚಿತ್ತಾರ ಬರೆಯುತ್ತ ಕೂತಿದ್ದಳು. ಕೈಯಲ್ಲಿ ಕೆಮ್ಮಣ್ಣು, ಮುಂದೆ ಸುಣ್ಣ. ಮಾತಾಡುವ ಎತ್ತು ಇಣುಕಿ, “ಅವ್ವಾ, ಅದೇನದು ಕೈಯಲ್ಲಿ?” ಅಂತ ಕೇಳಿತು. ಹಾಲವ್ವ ಕೈ ನೋಡಿಕೊಂಡಳು, ತನ್ನ ದಡ್ಡತನಕ್ಕೆ ತಾನೇ ನಕ್ಕಳು. ಗಡಿಗೆಗೆ ಬಳಿಯುವ ಬಣ್ಣವನ್ನೇ ಗಾಲಿಗೂ ಬಳಿದಳು. ಕೆಮ್ಮಣ್ಣಿನ ಮೇಲೆ ಸುಣ್ಣದ ಎಳೆ, ಮೇಲೊಂದು ಕೈ ಎಣ್ಣೆ. ಹೂಜಿಯ ಖರ್ಚೂ ಬರಲಿಲ್ಲ.

ಐರಣಿ ಗಾಡಿ ಕೋಟೆಯೊಳಗೆ ಹೋಯಿತು, ಒಂದು ಗಡಿಗೆಯೂ ಬಿರುಕು ಬಿಡಲಿಲ್ಲ. ಮದುವೆ ಚೆಂದ ಆಯಿತು. ಅಂದಿನಿಂದ ರಾಜನೂ ಹೊಳೆಯುವುದನ್ನೆಲ್ಲ ತಟ್ಟಿ ನೋಡಲು ಕಲಿತ. ಮಂತ್ರಿಯ ತಲೆಯನ್ನೂ ಒಮ್ಮೆ ತಟ್ಟಿದನಂತೆ. ಯಾವ ಸದ್ದು ಬಂತೋ, ಅದನ್ನು ಮಾತ್ರ ಯಾರೂ ಹೇಳಿಲ್ಲ.

ನೆನಪಿಟ್ಟುಕೊಳ್ಳಿ ಮಕ್ಕಳೇ. ಅತಿ ಅಗ್ಗಕ್ಕೆ ಕೊಡುವವನು ಬೆಲೆಯನ್ನು ಬೇರೆ ಕಡೆಯಿಂದ ವಸೂಲಿ ಮಾಡುತ್ತಾನೆ. ನೋಡಬೇಡ, ಕೆರೆಯಬೇಡ, ಕೇಳಬೇಡ ಅಂದವನ ಕೆಲಸವನ್ನು ಮೊದಲು ನೋಡಿ, ಕೆರೆಯಿರಿ, ಕೇಳಿ. ಹಾಲವ್ವನ ಗಾಡಿ ಅವಳ ಮನೆ ಸೇರಿತು, ನನ್ನ ಕಥೆ ನಿಮ್ಮ ಕಿವಿ ಸೇರಿತು. ಏಳಿ, ಮಲಗಲು ಹೋಗಿ. ಬಾಗಿಲ ಅಗುಳಿ ಹಾಕಿದೆಯೋ ಇಲ್ಲವೋ, ಒಮ್ಮೆ ತಟ್ಟಿ ನೋಡಿ.